ವರ್ನಾ ಡೆಕರ್ ಅವರನ್ನು ಉಳಿಸಿಕೊಳ್ಳಬೇಕೆ?

ಸೆಪ್ಟೆಂಬರ್ 6, ಮಂಗಳವಾರ

ಕೋರ್ಟಿಗೆ ಹೋಗುವ ದಾರಿಯಲ್ಲಿ ಇನ್ನೊಂದು ಬೋರ್ಡು ಎದ್ದಿದೆ. ಸೋಯಾಬೀನ್ ಹೊಲದ ಅಂಚಿಗೆ. ನನ್ನದೇ ಫೋಟೋ — ಬಾಯಿ ಅರ್ಧ ತೆರೆದು, ಕಣ್ಣು ಅರ್ಧ ಮುಚ್ಚಿ. ಇದನ್ನು ಹುಡುಕಿ ತೆಗೆದವನ ಶ್ರದ್ಧೆ ನಮ್ಮ ವಕೀಲರಲ್ಲಿ ಕಾಲು ಭಾಗ ಇದ್ದಿದ್ದರೆ ನನ್ನ ಕೆಲಸ ಎಷ್ಟೋ ಹಗುರವಾಗುತ್ತಿತ್ತು. ಕೆಳಗೆ ದಪ್ಪ ಕೆಂಪಕ್ಷರ: ‘ಡೆಕರ್ ಬೇಡ. ಕಳ್ಳರ ಗೆಳತಿ.’

ಕಳ್ಳರ ಗೆಳತಿ! ಎರಡು ವರ್ಷದ ಹಿಂದೆ ಪೊಲೀಸರು ವಾರೆಂಟ್ ಇಲ್ಲದೆ ಒಬ್ಬನ ಕಾರಿನ ಡಿಕ್ಕಿ ತೆಗೆಸಿದರು. ಅದು ತಪ್ಪು ಎಂದು ತೀರ್ಪು ಬರೆದೆ. ಅಷ್ಟಕ್ಕೆ ‘ಸುರಕ್ಷಿತ ಮನೆಗಳ ಒಕ್ಕೂಟ’ ಎಂಬ ಯಾವನೋ ಅನಾಮಿಕನ ಸಂಘಕ್ಕೆ ನಿದ್ದೆ ಬಂದಿಲ್ಲ.

ಎದುರಾಳಿ ಯಾರೂ ಇಲ್ಲ. ಅದೇ ತಮಾಷೆ. ಗವರ್ನರ್ ನೇಮಿಸಿದ ನಮ್ಮನ್ನು ಎಂಟು ವರ್ಷಕ್ಕೊಮ್ಮೆ ಜನ ತೂಗುತ್ತಾರೆ. ಬ್ಯಾಲೆಟ್‌ನ ಹಿಂಬದಿಯಲ್ಲಿ, ಚರಂಡಿ ಮಂಡಳಿಯ ಸದಸ್ಯರ ಕೆಳಗೆ, ಒಂದೇ ಪ್ರಶ್ನೆ — ‘ವರ್ನಾ ಡೆಕರ್ ಅವರನ್ನು ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಉಳಿಸಿಕೊಳ್ಳಬೇಕೆ?’ ಹೌದು. ಇಲ್ಲ. ಎದುರಿಗೆ ಯಾರೂ ನಿಲ್ಲದೆಯೂ ಸೋಲಬಹುದಾದ ಚುನಾವಣೆ ಇದೊಂದೇ ಇರಬೇಕು. ಹಿಂದಿನ ಎರಡು ಸಲ ಜನಕ್ಕೆ ನನ್ನ ಹೆಸರು ಗೊತ್ತಿರಲಿಲ್ಲ. ಆದ್ದರಿಂದ ಗೆದ್ದೆ.

ಆರಿನ್‌ಗೆ ಬೋರ್ಡಿನ ವಿಷಯ ಹೇಳಿದೆ. ಗಂಡನಾದವನು ಸ್ವಲ್ಪ ಕೋಪ ಮಾಡಿಕೊಳ್ಳಬೇಕು. ಮೂವತ್ತು ವರ್ಷ ಶಾಲೆಯ ಬ್ಯಾಂಡಿಗೆ ತುತ್ತೂರಿ ಕಲಿಸಿ ಇವರಿಗೆ ಯಾವ ಅಪಸ್ವರವೂ ಕಿವಿಗೆ ತಾಗುವುದಿಲ್ಲ.

“ಫೋಟೋದಲ್ಲಿ ಆ ನೀಲಿ ಸ್ವೆಟರ್ ಹಾಕ್ಕೊಂಡಿದೀಯಾ?” ಅಂದರು. “ಅದು ನಿಂಗೆ ಚೆನ್ನಾಗಿ ಕಾಣುತ್ತೆ, ವರ್ನ್.”


ಸೆಪ್ಟೆಂಬರ್ 9, ಶುಕ್ರವಾರ

ಪ್ರೂಯೆಟ್ ತೀರ್ಪು ಮುಗಿಯಿತು. ಮಧ್ಯಾಹ್ನ ಕೊನೆಯ ಸಾಲು ಬರೆದು ಪೆನ್ನು ಕೆಳಗಿಟ್ಟೆ. ಚೆನ್ನಾಗಿದೆ. ಯಾರೂ ಓದದ ಜಾಗದಲ್ಲಿ ಹೇಳಬಹುದು — ನಾನು ಬರೆದದ್ದರಲ್ಲಿ ಇದೇ ಅತ್ಯುತ್ತಮ.

ಎಲ್ವಿನ್ ಪ್ರೂಯೆಟ್. ನನ್ನದೇ ಊರಿನವನು, ಓಲ್ಡನ್. ಹದಿನೇಳನೇ ವಯಸ್ಸಿಗೆ ಪೆಟ್ರೋಲ್ ಬಂಕಿನ ಮುದುಕನನ್ನು ಕೊಂದ ಆರೋಪ. ಸಾಕ್ಷಿ ಎಂದರೆ ಅವನ ತಪ್ಪೊಪ್ಪಿಗೆ ಒಂದೇ. ಅದನ್ನು ಶೆರಿಫ್ ಕ್ಲೌಸನ್ ಒಂದು ಇಡೀ ರಾತ್ರಿ ಕೂತು ಹಿಂಡಿ ತೆಗೆದದ್ದು. ತಾಯಿ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಹುಡುಗ ಅಮ್ಮ ಬೇಕು ಅನ್ನುತ್ತಿದ್ದ. ತಾಯಿಗೆ ಹೇಳಿದ್ದು — ನಿನ್ನ ಮಗ ನಿನ್ನ ಮುಖ ನೋಡಲ್ಲ ಅಂತಿದಾನೆ. ಹುಡುಗನಿಗೆ ಹೇಳಿದ್ದು — ನಿಮ್ಮಮ್ಮ ಮನೆಗೆ ಹೋದಳು. ನಡುವೆ ಒಂದು ಗೋಡೆ. ಅವನಿಗೀಗ ಮೂವತ್ತೊಂದು.

ಪೀಠದ ಏಳು ಜನರಲ್ಲಿ ನನ್ನನ್ನೂ ಸೇರಿಸಿ ನಾಲ್ವರು ಈ ಕಡೆ. ತಪ್ಪೊಪ್ಪಿಗೆ ರದ್ದು, ಹೊಸ ವಿಚಾರಣೆ. ಅಂದರೆ ಬಿಡುಗಡೆ. ಬೇರೆ ಸಾಕ್ಷಿಯೇ ಇಲ್ಲವಲ್ಲ.

ಕ್ಲೌಸನ್ ಇವತ್ತಿಗೂ ಓಲ್ಡನ್‌ನ ದೇವರು. ಅವನ ಹೆಸರಿನಲ್ಲಿ ಒಂದು ಬೇಸ್‌ಬಾಲ್ ಮೈದಾನವಿದೆ.

ನಾಲ್ಕು ಗಂಟೆಗೆ ನಮ್ಮ ಚೀಫ್ ಜಸ್ಟಿಸ್ ಗ್ರೂಬ್ ಬಾಗಿಲಲ್ಲಿ ತಲೆ ಹಾಕಿದ. ಬ್ಯಾಲೆಟ್‌ನಲ್ಲಿ ನನ್ನ ಹೆಸರಿನ ಮೇಲೇ ಅವನ ಹೆಸರಿದೆ. ಮೂಗಿನ ತುದಿ ಈಗಾಗಲೇ ಬೆವರುತ್ತಿದೆ.

“ಪ್ರೂಯೆಟ್ ರೆಡೀನಾ ವರ್ನಾ? ಮುಂದಿನ ಶುಕ್ರವಾರ ತೀರ್ಪು ಬಿಡೋಣ್ವಾ?”

“ಇನ್ನೊಂದು ಸಲ ಓದ್ಬೇಕು,” ಅಂದೆ.

ಕೊನೆಯ ಓದು ಯಾವಾಗಲೂ ಇರುತ್ತದೆ. ಅವನ ಮುಖದಲ್ಲಿ ಬಂದ ನಿರಾಳ ನೋಡಬೇಕಿತ್ತು. ಪುಕ್ಕಲ.


ಸೆಪ್ಟೆಂಬರ್ 13, ಮಂಗಳವಾರ

ವಕೀಲರ ಸಂಘ ‘ನಮ್ಮ ನ್ಯಾಯಾಲಯ ಉಳಿಸಿ’ ಅಂತ ಒಂದು ಸಮಿತಿ ಮಾಡಿ, ನಗುವುದು ಹೇಗೆಂದು ಕಲಿಸಲು ಒಬ್ಬನನ್ನು ಕಳಿಸಿದೆ. ನಿಜಕ್ಕೂ. ಬಿಗಿ ಪ್ಯಾಂಟು, ಬಿಳೀ ಹಲ್ಲು.

“ಮೇಡಂ, ನೀವು ನಕ್ಕಾಗ ಜನಕ್ಕೆ ತಾವು ಏನೋ ತಪ್ಪು ಮಾಡಿದೀವಿ ಅನ್ನಿಸುತ್ತೆ.”

“ಸಾಮಾನ್ಯವಾಗಿ ಮಾಡಿರ್ತಾರೆ.”

“ನೋಡಿ, ಇದೇ. ಇದನ್ನೇ ಬಿಡ್ಬೇಕು. ನಾಯಿ ಇದೆಯಾ ನಿಮ್ಮನೇಲಿ?”

“ಇಲ್ಲ.”

“ಒಂದು ತಗೋಬಹುದಾ? ನವೆಂಬರ್‌ವರೆಗೆ?”

ಗ್ರೂಬ್ ಇವನ ಮಾತು ಕೇಳಿ ಲೇಬರ್ ಡೇ ಮೆರವಣಿಗೆಯಲ್ಲಿ ಟ್ರ್ಯಾಕ್ಟರ್ ಮೇಲೆ ಕೂತು ಮಕ್ಕಳಿಗೆ ಮಿಠಾಯಿ ಎಸೆದನಂತೆ. ರಾಜ್ಯದ ಮುಖ್ಯ ನ್ಯಾಯಮೂರ್ತಿ. ಸಂವಿಧಾನ ಬರೆದವರು ಪುಣ್ಯವಂತರು, ಸತ್ತಿದ್ದಾರೆ.


ಸೆಪ್ಟೆಂಬರ್ 16, ಶುಕ್ರವಾರ

ತೀರ್ಪು ಹೊರಬೀಳುವ ದಿನ. ಒಂದು ಬೇಲಿ ಜಗಳ, ಒಂದು ತೆರಿಗೆ, ಒಂದು ವಿಮೆ. ಪ್ರೂಯೆಟ್ ಇಲ್ಲ.

ಓದಿದೆ. ಹನ್ನೊಂದನೆಯ ಅಡಿಟಿಪ್ಪಣಿ ಸಡಿಲವಾಗಿದೆ. ಇಂಥ ತೀರ್ಪಿನಲ್ಲಿ ಸಡಿಲವಾದದ್ದು ಒಂದೂ ಇರಬಾರದು — ವಿರೋಧಿಸಿದ ಆ ಮೂವರು ಅದನ್ನೇ ಹಿಡಿದು ಎಳೆಯುತ್ತಾರೆ. ಬಿಗಿ ಮಾಡಬೇಕು.


ಸೆಪ್ಟೆಂಬರ್ 22, ಗುರುವಾರ

ರೆನ್‌ಫ್ರೋ ಬಂದಿದ್ದ. ನಮ್ಮ ಪೀಠದಲ್ಲಿ ಎಲ್ಲರಿಗಿಂತ ಚಿಕ್ಕವನು, ನಲವತ್ತಾರು. ನನ್ನ ಕಡೆಯ ನಾಲ್ವರಲ್ಲಿ ಒಬ್ಬ. ಸೈಕಲ್ ತುಳಿದು ಬರುತ್ತಾನೆ, ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡೇ ಮಾತಾಡುತ್ತಾನೆ.

“ವರ್ನಾ, ಪ್ರೂಯೆಟ್ ಓದ್ದೆ. ತುಂಬ ಚೆನ್ನಾಗಿದೆ. ನಾನು ಸೈನ್ ಹಾಕಿ ಕಳಿಸಿದೀನಿ. ಇನ್ನೇನು ಬಾಕಿ?”

“ಹನ್ನೊಂದನೇ ಟಿಪ್ಪಣಿ.”

“ಅದರಲ್ಲಿ ಏನಿದೆ?”

“ಅದೇ ಸಮಸ್ಯೆ. ಏನೂ ಇಲ್ಲ.”

ನಕ್ಕ. ಆಮೇಲೆ ನಗಲಿಲ್ಲ. “ಅಂವ ಒಳಗಿದಾನೆ, ವರ್ನಾ.”

ಗೊತ್ತು ಮಾರಾಯ. ಅವನು ಒಳಗಿದ್ದಾನೆ ಅಂತ ನಲವತ್ತು ಪುಟ ಬರೆದವಳು ನಾನು. ಇವನ ಹೆಸರು ಬ್ಯಾಲೆಟ್‌ಗೆ ಬರುವುದು ಇನ್ನು ನಾಲ್ಕು ವರ್ಷಕ್ಕೆ. ಅಲ್ಲಿಯವರೆಗೆ ಆತ್ಮಸಾಕ್ಷಿಯನ್ನು ಸೈಕಲ್ ಮೇಲೆ ತಿರುಗಾಡಿಸಿಕೊಂಡು ಬರಲಿ.


ಸೆಪ್ಟೆಂಬರ್ 25, ಭಾನುವಾರ

ಓಲ್ಡನ್‌ಗೆ ಹೋಗಿ ಬಂದೆ. ತಂಗಿ ಮೇವಿಸ್‌ಳ ಕಾಟ. ಅವಳದು ಅಲ್ಲಿ ಬ್ಯೂಟಿ ಪಾರ್ಲರ್, ಅಂದರೆ ಊರಿನ ವಾರ್ತಾ ಇಲಾಖೆ.

“ಚರ್ಚ್ ಸೂಪ್ ಊಟಕ್ಕೆ ಬಾ. ಮುಖ ತೋರಿಸು. ನೀನು ದೊಡ್ಡ ಜಂಬದವಳು ಅಂತಾರೆ ಎಲ್ರೂ. ನಾನು ಹೌದು ಅಂತಿರ್ತೀನಿ. ನೀನೇ ಬಂದು ಅಲ್ಲ ಅನ್ನು.”

ಚರ್ಚಿನ ನೆಲಮಾಳಿಗೆ. ಮಡಚುವ ಮೇಜುಗಳು, ಖಾರದ ಬೀನ್ಸ್ ಸೂಪು, ಜೊತೆಗೆ ದಾಲ್ಚಿನ್ನಿ ರೋಲು. ಎಲ್ಲರೂ ನನ್ನ ಬೆನ್ನು ತಟ್ಟಿದರು. ಎಲ್ಲರೂ ಡಿಕ್ಕಿಯ ವಿಷಯ ಕೇಳಿದರು. ಒಬ್ಬನೂ ತೀರ್ಪು ಓದಿಲ್ಲ. ನನ್ನ ಜೊತೆ ಮೂರನೇ ಕ್ಲಾಸಿನಲ್ಲಿ ಕೂತಿದ್ದ ಹೆಂಗಸೊಬ್ಬಳು — “ನಾನಂತೂ ಎಲ್ಲಾ ಜಡ್ಜ್‌ಗಳಿಗೂ ಇಲ್ಲ ಅಂತಲೇ ಹಾಕೋದು. ಬೇಜಾರ್ ಮಾಡ್ಕೋಬೇಡ. ಫ್ರೆಶ್ ಆಗಿರ್ಲಿ ಅಂತ.” ಹಾಲಿನ ಪ್ಯಾಕೆಟ್ಟಿನ ಬಗ್ಗೆ ಮಾತಾಡುವ ಹಾಗೆ.

ಬಿಡಿ. ಬರೆಯಬೇಕಾದದ್ದು ಅದಲ್ಲ.

ಕಾಫಿ ಡ್ರಮ್ಮಿನ ಹತ್ತಿರ ಒಬ್ಬ ಮುದುಕಿ ನಿಂತಿದ್ದಳು. ಮೂಗಿನ ಕೆಳಗೆ ಪ್ಲಾಸ್ಟಿಕ್ ಕೊಳವೆ, ಪಕ್ಕದಲ್ಲಿ ಚಕ್ರದ ಮೇಲೆ ಸಣ್ಣ ಆಕ್ಸಿಜನ್ ಸಿಲಿಂಡರ್.

“ನೀವು ಜಡ್ಜ್ ಡೆಕರ್ ಅಲ್ವಾ?”

ಹೌದು ಎಂದೆ. ಇನ್ನೊಂದು ಡಿಕ್ಕಿ ಪ್ರಶ್ನೆ ಅಂದುಕೊಂಡೆ.

“ನಾನು ಓಪಲ್ ಪ್ರೂಯೆಟ್.”

ಕೈಯಲ್ಲಿದ್ದ ತಟ್ಟೆ ವಾಲಿತು. ಅವಳೇ ಹಿಡಿದಳು.

“ಗಾಬರಿ ಆಗ್ಬೇಡಿ. ನೀವು ಮಾತಾಡೋ ಹಾಗಿಲ್ಲ ಅಂತ ವಕೀಲ್ರು ಹೇಳಿದಾರೆ. ನಾನೂ ಏನೂ ಕೇಳಲ್ಲ.”

“ಮಿಸೆಸ್ ಪ್ರೂಯೆಟ್, ನಾನು ಇಲ್ಲಿ ನಿಲ್ಲೋ ಹಾಗೂ ಇಲ್ಲ.”

“ಗೊತ್ತು. ನಿಮ್ಮ ಮುಖ ಹೆಂಗಿದೆ ಅಂತ ನೋಡ್ಬೇಕಿತ್ತು, ಅಷ್ಟೇ. ಆ ಬೋರ್ಡ್‌ನಲ್ಲಿರೋದು ನೀವಲ್ಲ ಅನ್ನಿಸ್ತು ನಂಗೆ.” ಉಸಿರು ತೆಗೆದುಕೊಂಡಳು. ಅದಕ್ಕೇ ಅಷ್ಟು ಹೊತ್ತು ಹಿಡಿಯಿತು. “ಅಲ್ಲ. ಸರಿ. ಹೋಗಿ ಬನ್ನಿ. ಆ ರೋಲ್ ಇಲ್ಲೇ ತಿನ್ಕೊಂಡ್ ಹೋಗಿ, ಕಾರಲ್ಲಿ ತಿಂದ್ರೆ ಸ್ಟೇರಿಂಗ್ ಎಲ್ಲಾ ಅಂಟಂಟು.”

ತಿನ್ನಲಿಲ್ಲ. ತಟ್ಟೆ ಅಲ್ಲೇ ಇಟ್ಟು ಮೆಟ್ಟಿಲು ಹತ್ತಿದೆ. ಮೇವಿಸ್ ಹಿಂದಿನಿಂದ ಕೂಗುತ್ತಿದ್ದಳು.


ಸೆಪ್ಟೆಂಬರ್ 26, ಸೋಮವಾರ

ಬೆಳಿಗ್ಗೆ ಮೊದಲ ಕೆಲಸ — ಚೀಫ್‌ಗೆ ವರದಿ. ಕಕ್ಷಿದಾರನ ತಾಯಿ ಮಾತಾಡಿಸಿದಳು, ಪ್ರಕರಣದ ಬಗ್ಗೆ ಒಂದು ಅಕ್ಷರ ಬಂದಿಲ್ಲ. ಆದರೂ ಎರಡೂ ಕಡೆಯ ವಕೀಲರಿಗೆ ತಿಳಿಸಬೇಕು, ಆಕ್ಷೇಪಣೆ ಹೇಳಲು ಎರಡು ವಾರ ಕೊಡಬೇಕು. ನಿಯಮ ಅಂದರೆ ನಿಯಮ.

ಎರಡು ವಾರ. ಅಲ್ಲಿಯವರೆಗೆ ಪ್ರೂಯೆಟ್ ಮುಟ್ಟುವ ಹಾಗಿಲ್ಲ.

ಸಂಜೆ ಮನೆಗೆ ಬಂದಾಗ ಹಾಡಿಕೊಳ್ಳುತ್ತಿದ್ದೆನಂತೆ. ಆರಿನ್ ಹೇಳಿದರು. “ಏನ್ ಸಮಾಚಾರ? ಶ್ರುತಿ ಬೇರೆ ಸರಿಯಾಗಿದೆ!”


ಅಕ್ಟೋಬರ್ 6, ಗುರುವಾರ

ಈಗ ರೇಡಿಯೋದಲ್ಲೂ. ಹಂದಿ ಮಾರುಕಟ್ಟೆಯ ದರ ಆದ ಕೂಡಲೇ. ಗುಹೆಯೊಳಗಿಂದ ಬಂದಂಥ ಗಂಡಸಿನ ದನಿ — “ನಿಮ್ಮ ಮಕ್ಕಳು ಮಲಗಿದ್ದಾರೆ. ವರ್ನಾ ಡೆಕರ್‌ಗೆ ಅವರ ಚಿಂತೆ ಇದೆಯೇ?” ಮಲಗಿರುವ ಮಕ್ಕಳಿಗೂ ನನಗೂ ಏನು ಸಂಬಂಧ! ಹಿನ್ನೆಲೆಯಲ್ಲಿ ಮಗುವಿನ ಅಳು. ಮಲಗಿದೆ ಅಂದಮೇಲೆ ಅಳುವುದೇಕೆ ಎಂದು ಕೇಳುವಷ್ಟು ತರ್ಕ ಯಾವ ಮತದಾರನಿಗೂ ಇಲ್ಲ.

ಸಮೀಕ್ಷೆ ಬಂದಿದೆ. ಹೌದು–ಇಲ್ಲ ಹೆಚ್ಚುಕಡಿಮೆ ಸಮ. ಐದರಲ್ಲಿ ಒಬ್ಬನಿಗೆ ನಾನು ಹವಾಮಾನ ಹೇಳುವ ಹೆಂಗಸು ಅಂತ ಭಾವನೆ. ಅವರೆಲ್ಲ ಹೌದು ಅಂದಿದ್ದಾರೆ.

ಗ್ರೂಬ್ ನಾಯಿ ತಂದಿದ್ದಾನೆ. ಕಂದು ಬಣ್ಣದ್ದು. ಚೇಂಬರಿನಲ್ಲಿ ಉಚ್ಚೆ ಹೊಯ್ದಿತು.


ಅಕ್ಟೋಬರ್ 11, ಮಂಗಳವಾರ

ಎರಡು ವಾರ ಮುಗಿಯಿತು. ಯಾರ ಆಕ್ಷೇಪಣೆಯೂ ಇಲ್ಲ. ಸರ್ಕಾರದ ವಕೀಲನದೂ ಇಲ್ಲ.

ಪ್ರೂಯೆಟ್ ಪರ ವಕೀಲೆ ಜೊತೆಗೊಂದು ಕೋರಿಕೆ ಹಾಕಿದ್ದಾಳೆ. ತಾಯಿಗೆ ಇನ್ನು ಚಿಕಿತ್ಸೆ ಇಲ್ಲವಂತೆ, ಮನೆಯಲ್ಲೇ ಮಲಗಿಸಿ ನೋವಿಗೆ ಮಾತ್ರ ಔಷಧಿ ಕೊಡುತ್ತಿದ್ದಾರೆ. ತೀರ್ಪು ಯಾವ ಕಡೆಗೇ ಇರಲಿ, ಸಾಧ್ಯವಾದಷ್ಟು ಬೇಗ ಕೊಡಬೇಕೆಂದು ಪ್ರಾರ್ಥನೆ.

‘ಯಾವ ಕಡೆಗೇ ಇರಲಿ.’ ಒಳ್ಳೆಯ ವಕೀಲೆ. ಒಂದು ಪದವೂ ಹೆಚ್ಚಿಲ್ಲ.


ಅಕ್ಟೋಬರ್ 13, ಗುರುವಾರ

ನಾಳೆ ಶುಕ್ರವಾರ. ಇವತ್ತು ಮಧ್ಯಾಹ್ನದೊಳಗೆ ಕೊಟ್ಟರೆ ನಾಳೆ ಬಿಡಬಹುದು.

ಮೂರನೆಯ ಭಾಗ ಮತ್ತೆ ಓದಿದೆ. ಗೋಡೆಯ ಸಾಲು. ‘ತಾಯಿ ಮಗನ ನಡುವೆ ಇದ್ದದ್ದು ಗೋಡೆಯಲ್ಲ, ಒಂದು ಸುಳ್ಳು.’ ಅಲ್ಪವಿರಾಮ ಇರಬೇಕೆ, ಬೇಡವೆ? ತೆಗೆದೆ. ಹಾಕಿದೆ. ಇದು ಸಣ್ಣ ವಿಷಯವಲ್ಲ. ಇಂಥ ಸಾಲನ್ನು ಮುಂದೆ ಕಾನೂನು ಕಾಲೇಜಿನಲ್ಲಿ ಓದುತ್ತಾರೆ.

ಗ್ರೂಬ್ ಕಾರಿಡಾರಿನಲ್ಲಿ ಸಿಕ್ಕ. ನಾಯಿ ಸಮೇತ. ಅಕ್ಕಪಕ್ಕ ನೋಡಿ ದನಿ ತಗ್ಗಿಸಿದ.

“ವರ್ನಾ, ನಾನು ಹೇಳ್ತಿಲ್ಲ. ಏನೂ ಹೇಳ್ತಿಲ್ಲ. ಆದ್ರೆ ಎಲೆಕ್ಷನ್ ಆದ್ಮೇಲೆ ಬಂದ್ರೂ ತೀರ್ಪು ತೀರ್ಪೇ ಅಲ್ವಾ? ಅಕ್ಷರ ಏನೂ ಬದಲಾಗಲ್ಲ.”

“ನನ್ನ ಜೊತೆ ಹೀಗೆ ಮಾತಾಡ್ಬೇಡ, ವಿಲ್ಮರ್.”

“ಇಲ್ಲಪ್ಪ. ಮಾತಾಡ್ಲಿಲ್ಲ.”

ಅಸಹ್ಯವಾಯಿತು. ನ್ಯಾಯ ಎಂದರೆ ಇವನಿಗೆ ಫ್ರಿಜ್‌ನಲ್ಲಿಟ್ಟ ಸಾರು. ಬೇಕಾದಾಗ ಬಿಸಿ ಮಾಡಿಕೊಳ್ಳುವುದು. ಇವನ ಮೇಲಿನ ಸಿಟ್ಟಿಗೆ ನಾನು ಅವಸರ ಮಾಡಿದೆ ಎಂದಾಗಬಾರದು. ಇವನ ಮಾತು ಕೇಳಿ ತಡ ಮಾಡಿದೆ ಎಂದೂ ಆಗಬಾರದು. ತೀರ್ಪು ಸಿದ್ಧವಾದಾಗ ಹೋಗುತ್ತದೆ.

ಮಧ್ಯಾಹ್ನ ದಾಟಿತು.


ಅಕ್ಟೋಬರ್ 17, ಸೋಮವಾರ

ರೆನ್‌ಫ್ರೋ ಮತ್ತೆ. ಈ ಸಲ ಹೆಲ್ಮೆಟ್ ಮೇಜಿನ ಮೇಲಿಟ್ಟ, ಬಾಗಿಲು ಹಾಕಿದ.

“ಆ ಕೋರಿಕೆ ಓದಿದೀರಾ?”

“ಓದೋಕೆ ಬರುತ್ತೆ ನಂಗೆ.”

“ಮತ್ತೆ? ವರ್ನಾ, ಅದು ಮುಗಿದು ಒಂದು ತಿಂಗ್ಳಾಯ್ತು. ಆ ಟಿಪ್ಪಣಿ ನೀವು ಮೂರು ಸಲ ಬದಲಾಯಿಸಿ ವಾಪಸ್ ಮೊದಲಿದ್ದ ಹಾಗೇ ಇಟ್ಟಿದೀರ. ನಾನು ಹೋಲಿಸಿ ನೋಡ್ದೆ.”

“ನನ್ನ ಕರಡುಗಳನ್ನ ಪರೀಕ್ಷೆ ಮಾಡ್ತಿದೀರಾ ಈಗ?”

“ನನ್ನ ಸಹಿ ಇದೆ ಅದರ ಮೇಲೆ.”

“ನಿಮ್ಮ ಹೆಸರು ಬೋರ್ಡ್ ಮೇಲಿಲ್ಲ.”

ಬಾಯಿಂದ ಬಂದುಬಿಟ್ಟಿತು. ಅವನು ನನ್ನನ್ನೇ ನೋಡಿದ. ಕೋಪದ ನೋಟವಾಗಿದ್ದರೆ ಸಹಿಸಬಹುದಿತ್ತು.

“ಹೌದು,” ಅಂದ. “ಇಲ್ಲ.” ಹೆಲ್ಮೆಟ್ ತೆಗೆದುಕೊಂಡು ಹೋದ.

ನಾಟಕ. ಇಂಥವರಿಗೆ ಬಾಗಿಲು ಮೆಲ್ಲಗೆ ಹಾಕುವುದೂ ಒಂದು ಭಾಷಣ.

ನಾನು ಹೋದರೆ ನನ್ನ ಜಾಗಕ್ಕೆ ಯಾರು ಬರುತ್ತಾರೆ ಎಂದು ಅವನಿಗೆ ಗೊತ್ತಿಲ್ಲವೆ? ಈ ಗವರ್ನರ್ ಯಾರನ್ನು ತರುತ್ತಾನೆ ಎಂದು? ಮುಂದಿನ ಎಲ್ವಿನ್, ಅದರ ಮುಂದಿನ ಎಲ್ವಿನ್ — ಅವರ ಲೆಕ್ಕ ಯಾರು ಇಡುತ್ತಾರೆ? ಕೆಲವು ವಾರಕ್ಕೆ ಎಷ್ಟೋ ವರ್ಷ ಸಿಗುತ್ತದೆ. ಇದನ್ನು ಒಬ್ಬ ಸೈಕಲ್ ಸವಾರನಿಗೆ ವಿವರಿಸುವ ಅಗತ್ಯ ನನಗಿಲ್ಲ.


ಅಕ್ಟೋಬರ್ 27, ಗುರುವಾರ

ಮೇವಿಸ್ ಫೋನು. ಯಾರದೋ ಕೂದಲಿಗೆ ಬಣ್ಣ ಹಾಕುತ್ತಲೇ ಮಾತು. ಅವಳ ಗಂಡನ ಮಂಡಿ, ಚರ್ಚಿನ ಹೊಸ ಪಾದ್ರಿ, ಹಾಲೋವೀನಿಗೆ ಕುಂಬಳಕಾಯಿ ಯಾರು ಕದ್ದರು. ಆಮೇಲೆ —

“ಆ ಓಪಲ್ ಪ್ರೂಯೆಟ್ ಹೋಗ್ಬಿಟ್ಲು ಕಣೇ. ಭಾನುವಾರ. ಮಣ್ಣು ಮಾಡಿದ್ದು ನಿನ್ನೆ. ಜನ ಜಾಸ್ತಿ ಇರ್ಲಿಲ್ಲ. ಮಗನ್ನ ಕಳಿಸಲಿಲ್ಲವಂತೆ ಜೈಲಿಂದ. ಕಾವಲಿಗೆ ಜನ ಇಲ್ಲ ಅಂದ್ರಂತೆ... ವರ್ನಾ? ಲೈನ್‌ನಲ್ಲಿದೀಯಾ?”

“ಇದೀನಿ.”

“ನಾನೇ ಕೂದಲು ಬಾಚಿದ್ದು ಅವಳಿಗೆ. ಕೊನೇದಾಗಿ. ಒಂದು ಪೈಸೆ ತಗೊಳ್ಳಲಿಲ್ಲ. ಕೂದಲು ಮಾತ್ರ ಎಷ್ಟು ಚೆನ್ನಾಗಿತ್ತು ಅಂತೀಯಾ, ಈ ವಯಸ್ಸಲ್ಲೂ. ನಮ್ಮಿಬ್ರಿಗಿಂತ.”

ಮೀಟಿಂಗ್ ಇದೆ ಎಂದು ಇಟ್ಟೆ. ಇರಲಿಲ್ಲ.

ಮಧ್ಯಾಹ್ನ ವಕೀಲೆಯಿಂದ ಒಂದು ಸಾಲು ಬಂತು. ತ್ವರಿತ ತೀರ್ಪಿನ ಕೋರಿಕೆಯನ್ನು ಹಿಂತೆಗೆದುಕೊಳ್ಳಲಾಗಿದೆ.


ಅಕ್ಟೋಬರ್ 28, ಶುಕ್ರವಾರ

ಬಿಡಲಿಲ್ಲ. ಇನ್ನು ಯಾರಿಗೆ ಅವಸರ.

ಈ ಸಾಲನ್ನು ಈಗ ತಿರುಗಿ ಓದಿದೆ. ಹೊಡೆದು ಹಾಕೋಣ ಎನಿಸಿತು. ಇರಲಿ.


ನವೆಂಬರ್ 8, ಮಂಗಳವಾರ

ಬೆಳಿಗ್ಗೆ ಶಾಲೆಯ ಜಿಮ್ಮಿನಲ್ಲಿ ವೋಟು. ಬ್ಯಾಲೆಟ್ ತಿರುಗಿಸಿದೆ. ನನ್ನ ಹೆಸರು. ಹೌದು, ಇಲ್ಲ. ಎರಡು ಸಣ್ಣ ವೃತ್ತ.

ಹಿಂದಿನ ಎರಡು ಸಲ ಯೋಚಿಸದೆ ತುಂಬಿದ್ದೆ. ಇವತ್ತು ಪೆನ್ನು ಹಿಡಿದು ನಿಂತೆ. ಹಿಂದಿದ್ದವನೊಬ್ಬ ಕೆಮ್ಮಿದ. ಆರಿನ್ ಪಕ್ಕದ ಮರೆಯಿಂದ, “ಕೊನೇ ಪುಟ ಸಿಕ್ತಾ, ವರ್ನ್? ಹಿಂದ್ಗಡೆ ಇದೆ ನೀನು,” ಅಂದರು. ಸುತ್ತಲಿದ್ದವರು ನಕ್ಕರು.

ವೃತ್ತ ತುಂಬಿದೆ. ಯಾವುದು ಎಂದು ಬರೆಯುವುದಿಲ್ಲ. ಗುಪ್ತ ಮತದಾನ ನನಗೂ ಇದೆ.


ನವೆಂಬರ್ 9, ಬುಧವಾರ

ಉಳಿದೆ. ನೂರಕ್ಕೆ ಐವತ್ತೊಂದಕ್ಕಿಂತ ಚೂರು ಹೆಚ್ಚು. ಗ್ರೂಬ್ ಕೂಡ ಉಳಿದ, ನನಗಿಂತ ಎರಡು ಹೆಚ್ಚು. ನಾಯಿಯ ಮಹಿಮೆ.

ಓಲ್ಡನ್‌ನಲ್ಲಿ ಸೋತಿದ್ದೇನೆ, ಚೆನ್ನಾಗಿಯೇ. ಮೇವಿಸ್ — “ನಾನಂತೂ ಹೌದು ಅಂತಲೇ ಹಾಕ್ದೆ. ಅಕ್ಕ ಅಂತ. ನೀನು ಅಲ್ಲಿ ಏನ್ ಮಾಡ್ತೀಯ ಅಂತ ಇವತ್ತಿಗೂ ನಂಗೆ ಗೊತ್ತಿಲ್ಲ.”

ಚೇಂಬರ್ ತುಂಬ ಹೂವು. ವಕೀಲರ ಸಂಘದ ಅಧ್ಯಕ್ಷ ಫೋನ್ ಮಾಡಿ ಗದ್ಗದಿತನಾದ. “ನ್ಯಾಯಾಂಗದ ಸ್ವಾತಂತ್ರ್ಯ ಗೆದ್ದಿತು ಮೇಡಂ! ಒತ್ತಡಕ್ಕೆ ನೀವು ಒಂದಿಂಚೂ ಬಗ್ಗಲಿಲ್ಲ!” ವಸಂತದಲ್ಲಿ ಸನ್ಮಾನವಂತೆ. ನಾನು ಮಾತಾಡಬೇಕಂತೆ, ಧೈರ್ಯದ ಬಗ್ಗೆ.

ಸಂತೋಷ ಎಂದೆ. ಕಲಿಸಿದ ನಗು ಫೋನಿನಲ್ಲೂ ಕೇಳಿಸಿರಬೇಕು.

ರೆನ್‌ಫ್ರೋ ಹೂ ಕಳಿಸಿಲ್ಲ. ಬಾಗಿಲಲ್ಲಿ ನಿಂತು, “ಅಭಿನಂದನೆ. ಈ ಶುಕ್ರವಾರಾನಾ?” ಅಂದ.

“ಈ ಶುಕ್ರವಾರ ಸರ್ಕಾರಿ ರಜ. ಮುಂದಿನ ವಾರ.”

ತಲೆಯಾಡಿಸಿ ಹೋದ.


ನವೆಂಬರ್ 18, ಶುಕ್ರವಾರ

ಬಿಟ್ಟೆವು. ಬೆಳಿಗ್ಗೆ ಒಂಬತ್ತಕ್ಕೆ.

ಸಂಜೆ ಆರಿನ್ ಪತ್ರಿಕೆಯ ವೆಬ್‌ಸೈಟಿನಿಂದ ಗಟ್ಟಿಯಾಗಿ ಓದಿದರು, ಗೋಡೆಯ ಸಾಲು. ಕನ್ನಡಕ ತೆಗೆದು ಒರೆಸಿಕೊಂಡರು. “ಇದನ್ನ ಬರೆಯೋಕೆ ನೀನು ಎಷ್ಟು ಒದ್ದಾಡಿರ್ಬೇಕು ಅಂತ ಗೊತ್ತಾಗುತ್ತೆ, ವರ್ನ್. ಎರಡು ತಿಂಗ್ಳಿಂದ ನೀನು ನೀನಾಗಿರ್ಲಿಲ್ಲ.”

ಇವರ ಕಿವಿಗೆ ಕೊನೆಗೂ ಏನೋ ಕೇಳಿಸಿತ್ತು. ಅರ್ಥ ಮಾಡಿಕೊಂಡದ್ದು ಮಾತ್ರ ಅಪಾರ್ಥ. ತಟ್ಟೆ ತೊಳೆಯಲು ಎದ್ದೆ.


ಡಿಸೆಂಬರ್ 14, ಬುಧವಾರ

ಸರ್ಕಾರ ಹೊಸ ವಿಚಾರಣೆ ಬೇಡ ಎಂದಿದೆ. ಎಲ್ವಿನ್ ಪ್ರೂಯೆಟ್ ನಿನ್ನೆ ಹೊರಗೆ ಬಂದ. ಟಿ.ವಿ.ಯಲ್ಲಿ ತೋರಿಸಿದರು. ನಾನು ನೋಡಲಿಲ್ಲ. ಬೇರೆ ಚಾನೆಲ್ ಹಾಕಿದೆ.


ಡಿಸೆಂಬರ್ 23, ಶುಕ್ರವಾರ, ಸಂಜೆ. ಓಲ್ಡನ್

ಕ್ರಿಸ್‌ಮಸ್‌ಗೆ ಮೇವಿಸ್ ಮನೆ. ಮಧ್ಯಾಹ್ನ ಅವಳಿಗೆ ಬೆಣ್ಣೆ ಬೇಕಿತ್ತು. ನಾನೇ ತರುತ್ತೇನೆ ಎಂದೆ, ಅವಳ ಬಾಯಿಂದ ತಪ್ಪಿಸಿಕೊಳ್ಳಲು.

ದಿನಸಿ ಅಂಗಡಿಯ ಕಾಫಿ ಸಾಲಿನಲ್ಲಿ ಒಬ್ಬ ಎತ್ತರದ ಮನುಷ್ಯ ನಿಂತಿದ್ದ. ಬಹಳ ಹೊತ್ತಿನಿಂದ ನಿಂತವನ ಹಾಗೆ. ಕೋಟು ಹೊಸದು, ತೋಳು ಗಿಡ್ಡ. ನನ್ನ ಕಡೆ ತಿರುಗಿದ.

“ಮೇಡಂ, ಒಂದು ಕೇಳ್ಲಾ? ಇದ್ರಲ್ಲಿ ಸುಮ್ನೆ ಕಾಫಿ ಯಾವುದು? ಎಲ್ಲಾದಕ್ಕೂ ಏನೇನೋ ಬೆರೆಸಿದಾರೆ. ಕುಂಬಳಕಾಯಿ ಅಂತೆ.”

ಗುರುತಾಯಿತು. ಪ್ರಕರಣದ ದಾಖಲೆಯ ಫೋಟೋದಲ್ಲಿದ್ದ ಹದಿನೇಳರ ಹುಡುಗನ ಕಿವಿಗಳು ಹಾಗೇ ಇವೆ.

ಕೆಳಗಿನ ಕಪಾಟಿನಿಂದ ಒಂದು ಡಬ್ಬ ತೆಗೆದು ಕೊಟ್ಟೆ. “ಇದು ಸುಮ್ನೆ ಕಾಫಿ.”

“ಥ್ಯಾಂಕ್ಸ್.” ಡಬ್ಬ ನೋಡಿದ, ನನ್ನನ್ನು ನೋಡಿದ. ಟೋಪಿ ತೆಗೆದ. “ನೀವು... ಪೇಪರ್‌ನಲ್ಲಿ ಫೋಟೋ ಇತ್ತು. ನೀವು ಜಡ್ಜ್ ಡೆಕರ್.”

ಅಲ್ಲ ಎನ್ನಬಹುದಿತ್ತು. ಹೌದು ಎಂದೆ.

ಕೈ ಚಾಚಿದ. ಹಿಡಿದೆ. ಒರಟು ಕೈ, ತಣ್ಣಗಿತ್ತು. ಅವನಿಗೆ ಬಿಡಲು ಗೊತ್ತಾಗಲಿಲ್ಲ. ನನಗೂ.

“ನೀವು ಬರ್ದಿದ್ದು ಪೂರ್ತಿ ಓದ್ದೆ. ಅಮ್ಮ ಅಲ್ಲೇ ಹೊರಗಡೆ ಕೂತಿದ್ಲು ಅಂತ ನಂಗೆ ಗೊತ್ತಿತ್ತು, ಆಮೇಲೆ ಅವಳೇ ಹೇಳಿದ್ಲು. ಆದ್ರೆ ಯಾರೂ ಅದನ್ನ ಬರ್ದಿಟ್ಟಿರ್ಲಿಲ್ಲ. ನೀವು ಬರ್ದ್ರಿ.” ಡಬ್ಬದ ಕಡೆ ನೋಡಿದ. “ಅವಳು ಇರೋವಾಗ ಬಂದಿದ್ರೆ... ಹೋಗ್ಲಿ ಬಿಡಿ. ಇಂಥದ್ದಕ್ಕೆಲ್ಲ ಟೈಮ್ ಹಿಡಿಯುತ್ತೆ ಅಂದ್ರು ವಕೀಲ್ರು. ಅವಸರ ಮಾಡೋ ಹಾಗಿಲ್ಲ ಅಂತೆ.”

ನನ್ನ ಮುಖವನ್ನೇ ನೋಡುತ್ತಿದ್ದ. ಉತ್ತರ ಬೇಕಿತ್ತು ಅವನಿಗೆ. ಹೌದು ಎಂಬ ಉತ್ತರ. ಅದರ ಮೇಲೆ ಕೂತು ಸುಧಾರಿಸಿಕೊಳ್ಳಬೇಕಿತ್ತು.

“ಹೌದು,” ಅಂದೆ. “ಟೈಮ್ ಹಿಡಿಯುತ್ತೆ.”

“ಅದೇ ಮತ್ತೆ,” ಅಂದ. ಟೋಪಿ ಹಾಕಿಕೊಂಡ. ನನ್ನ ಚೀಲ ಬೇಡ ಬೇಡ ಎಂದರೂ ಕಾರಿನವರೆಗೆ ಹೊತ್ತು ತಂದ. ಹಿಮದಲ್ಲಿ ಜಾರದಂತೆ ಮೊಣಕೈ ಹಿಡಿದುಕೊಂಡಿದ್ದ.

ಈಗ ಮಹಡಿಯ ಕೋಣೆಯಲ್ಲಿದ್ದೇನೆ. ಕೆಳಗೆ ಆರಿನ್ ಮೇವಿಸ್‌ಳ ಹಳೇ ಪಿಯಾನೋದಲ್ಲಿ ಕ್ರಿಸ್‌ಮಸ್ ಹಾಡು ನುಡಿಸುತ್ತಿದ್ದಾರೆ. ಊಟಕ್ಕೆ ಎರಡು ಸಲ ಕರೆದಾಯಿತು.

ಗ್ರೂಬ್‌ಗೆ ಏನೇನು ಹೆಸರಿಟ್ಟಿದ್ದೇನೆ! ಪುಕ್ಕಲ ಅಂದೆ. ಅವನಾದರೂ ಕಾರಿಡಾರಿನಲ್ಲಿ ನಿಂತು ಬಾಯಿಬಿಟ್ಟು ಹೇಳಿದ. ರೇಡಿಯೋದವನು ಸುಳ್ಳ, ಆದರೆ ಅವನು ನನ್ನ ಕೈ ಹಿಡಿದುಕೊಂಡು ಹೇಳಲಿಲ್ಲ.

ಒಂದು ಕಡೆಯಾದರೂ ಸರಿಯಾಗಿ ಬರೆದಿಡಬೇಕು. ತೀರ್ಪು ಸೆಪ್ಟೆಂಬರಿನಲ್ಲೇ ಸಿದ್ಧವಿತ್ತು. ಟಿಪ್ಪಣಿಯೂ ಸರಿಯಾಗಿತ್ತು, ವಿರಾಮವೂ ಸರಿಯಾಗಿತ್ತು. ಅದನ್ನು ತಡೆದು ಇಟ್ಟುಕೊಂಡದ್ದು ಯಾಕೆಂದರೆ ನನಗೆ —